ಅರಿವಿಗಾಗಿ ಮುರಿಯಬಹುದೆ?

ಒಂದು ವಸ್ತುವನ್ನು ಅರಿಯುವುದಕ್ಕಾಗಿ ಆ ವಸ್ತುವನ್ನೇ ಒಡೆಯಬೇಕಾಗಿ ಬಂದರೆ, ಒಡೆಯುವ ಅಧಿಕಾರ ಮನುಷ್ಯನಿಗೆ ಎಲ್ಲಿಂದ ಬಂದಿತು? ಪ್ರಶ್ನೆ ಹಳೆಯದು. ಗುಹೆಗಳಲ್ಲಿ ಬೆಳೆದ ಸುಣ್ಣದ ಕಂಬಗಳಿಂದ ಪ್ರಾಚೀನ ಕಾಲದ ಮಳೆ ಬರಗಳನ್ನು ತಿಳಿಯುವ ವಿದ್ಯೆಯೊಂದು ಅದನ್ನು ಮತ್ತೆ ನಮ್ಮ ಮುಂದೆ ತಂದು ನಿಲ್ಲಿಸಿದೆ.

ಮಳೆಯ ನೀರು ಮಣ್ಣಿನೊಳಗೆ ಇಳಿಯುವಾಗ ಅಲ್ಲಿಯ ಇಂಗಾಲದ ಡೈಆಕ್ಸೈಡನ್ನು ಹೀರಿ ಸೌಮ್ಯವಾದ ಆಮ್ಲವಾಗುತ್ತದೆ. ಸುಣ್ಣಕಲ್ಲನ್ನು ಕರಗಿಸುತ್ತ ಬಂದು ಗುಹೆಯ ಮಾಡಿನಿಂದ ತೊಟ್ಟಿಕ್ಕುತ್ತದೆ. ಅನಿಲವು ಗಾಳಿಗೆ ಹೋಗಿ, ಸುಣ್ಣವು ನೆಲದ ಮೇಲೆ ನಿಲ್ಲುತ್ತದೆ. ಹೀಗೆ ಹನಿಯ ಮೇಲೆ ಹನಿ ಬಿದ್ದು ಕಂಬವೊಂದು ಮೇಲೇಳುತ್ತದೆ. ಅದರ ಬೆಳವಣಿಗೆ ವರ್ಷಕ್ಕೆ ಮಿಲಿಮೀಟರಿನ ಹತ್ತನೆಯ ಒಂದು ಭಾಗದ ಆಸುಪಾಸು, ಅನೇಕ ವೇಳೆ ಅದಕ್ಕಿಂತಲೂ ಕಡಿಮೆ. ಆ ಲೆಕ್ಕದಲ್ಲಿ ಒಂದು ಗೇಣು ಏಳಲು ಎರಡು ಸಾವಿರ ವರ್ಷಕ್ಕೂ ಮಿಗಿಲಾಗಿ ಬೇಕು. ಒಂದು ಸುತ್ತಿಗೆಯ ಪೆಟ್ಟಿಗೆ ಎಷ್ಟು ಹೊತ್ತು ಬೇಕೆಂಬುದನ್ನು ವಾಚಕರಿಗೆ ಹೇಳಬೇಕಾಗಿಲ್ಲ.

ನೀರಿನೊಡನೆ ಮೆಗ್ನೀಸಿಯಂ, ಸ್ಟ್ರಾನ್ಷಿಯಂ, ಬೇರಿಯಂ ಮೊದಲಾದ ಧಾತುಗಳು ಲೇಶಮಾತ್ರವಾಗಿ ಬಂದು ಕಲ್ಲಿನ ಪದರಗಳಲ್ಲಿ ಸೇರಿರುತ್ತವೆ. ಅವುಗಳನ್ನು ಹತ್ತು ಲಕ್ಷದಲ್ಲಿ ಇಷ್ಟು ಭಾಗವೆಂದು ಎಣಿಸುತ್ತಾರೆ. ಮಳೆ ಕ್ಷೀಣಿಸಿದಾಗ ಗುಹೆಯ ಮೇಲಿನ ಬಿರುಕುಗಳಲ್ಲಿ ನೀರಿಗೆ ಬದಲಾಗಿ ಗಾಳಿ ತುಂಬುತ್ತದೆ. ಇಳಿಯುವ ಅಲ್ಪ ನೀರು ಗುಹೆಯನ್ನು ಮುಟ್ಟುವ ಮೊದಲೇ ತನ್ನ ಸುಣ್ಣದಲ್ಲಿ ಒಂದಂಶವನ್ನು ದಾರಿಯಲ್ಲಿ ಇಳಿಸಿಬಿಡುತ್ತದೆ. ಕ್ಯಾಲ್ಸಿಯಂ ಹೀಗೆ ಕಳೆದುಹೋದರೂ ಮೆಗ್ನೀಸಿಯಂ ಮತ್ತು ಸ್ಟ್ರಾನ್ಷಿಯಂ ಬಹುಪಾಲು ನೀರಿನಲ್ಲಿಯೇ ಉಳಿಯುವುದರಿಂದ ಅವುಗಳ ಅನುಪಾತ ಏರುತ್ತದೆ. ಲೇಸರ್ ಕಿರಣದಿಂದ ಕೂದಲೆಳೆಯಷ್ಟು ಅಗಲದ ಗೆರೆ ಕೊರೆದು, ಎದ್ದ ಧೂಳನ್ನು ಉಪಕರಣದಲ್ಲಿ ಪರೀಕ್ಷಿಸಿ ಈ ಏರಿಳಿತವನ್ನು ಓದುತ್ತಾರೆ. ಪದರದ ವಯಸ್ಸನ್ನು ಯುರೇನಿಯಂ ಹೇಳುತ್ತದೆ: ಅದು ನೀರಿನಲ್ಲಿ ಕರಗಿ ಬರುತ್ತದೆ, ಥೋರಿಯಂ ಕರಗಿ ಬರುವುದಿಲ್ಲ, ಆದುದರಿಂದ ಕಲ್ಲಿನಲ್ಲಿ ಕಾಲಕ್ರಮದಲ್ಲಿ ಹುಟ್ಟಿದ ಥೋರಿಯಂ ಎಷ್ಟೆಂದು ಅಳೆದರೆ ಕಾಲ ತಿಳಿಯುತ್ತದೆ.

ಉತ್ತರಾಖಂಡದ ಪಿಥೋರಾಗಢ ಜಿಲ್ಲೆಯ ಧರಮ್‌ಜಲಿ ಗುಹೆಯ ಒಂದು ಕಂಬವನ್ನು ಹೀಗೆ, ಧಾತುಗಳ ಜೊತೆಗೆ ಆಮ್ಲಜನಕವೇ ಮೊದಲಾದವುಗಳ ಐಸೋಟೋಪುಗಳನ್ನೂ ಕೂಡಿಸಿ, ಓದಿದ ಫಲ 2023ರಲ್ಲಿ ಪ್ರಕಟವಾಯಿತು. ಇಂದಿಗೆ ಸುಮಾರು 4,200 ವರ್ಷಗಳ ಹಿಂದಿನಿಂದ 3,970 ವರ್ಷಗಳ ಹಿಂದಿನವರೆಗೆ ಬರಗಳು ಮೇಲಿಂದ ಮೇಲೆ ಬಂದವು. ಕೆಲವು 25ರಿಂದ 90 ವರ್ಷಗಳವರೆಗೆ ಎಳೆದವು. ಬೇಸಿಗೆಯ ಮಳೆಯಂತೆ ಚಳಿಗಾಲದ ಮಳೆಯೂ ಕೈಕೊಟ್ಟಿತು. ತೊಂಬತ್ತು ವರ್ಷದ ಬರವೆಂದರೆ ತುಂಬಿದ ಕೆರೆಯನ್ನು ಕಾಣದೆ ಹುಟ್ಟಿ ಸತ್ತವರ ಬಾಳು. ಸಿಂಧೂ ನಾಗರಿಕತೆಯ ಜನ ಮಹಾನಗರಗಳನ್ನು ಬಿಟ್ಟು ಪೂರ್ವದ ಸಣ್ಣ ನೆಲೆಗಳತ್ತ ಸರಿದದ್ದೂ, ಬರ ತಾಳುವ ಕಿರುಧಾನ್ಯಗಳನ್ನು ಹೆಚ್ಚಾಗಿ ಆಶ್ರಯಿಸಿದ್ದೂ ಹೆಚ್ಚುಕಡಿಮೆ ಈ ಕಾಲದಲ್ಲಿಯೇ. ಆದರೆ ಕಲ್ಲು ಸಾಕ್ಷಿ ನುಡಿಯುವುದು ನೀರಿನ ವಿಷಯಕ್ಕೆ ಮಾತ್ರ. ಮನುಷ್ಯರ ವಿಷಯವನ್ನು ಅದಕ್ಕೆ ಜೋಡಿಸುವವರು ನಾವು.

ಧರ್ಮಸಂಕಟ ಆರಂಭವಾಗುವುದು ಇಲ್ಲಿಂದ. ಮೆಗ್ನೀಸಿಯಂ ಏರಿದ್ದಕ್ಕೆ ಬರವೊಂದೇ ಕಾರಣವಲ್ಲ. ಉಷ್ಣತೆಯೂ, ನೀರು ಶಿಲೆಯೊಡನೆ ಇದ್ದ ಕಾಲಾವಧಿಯೂ ಕಾರಣವಾಗಬಹುದು. ಮೇಘಾಲಯದ ಸೊಹ್ರಾ ಬಳಿಯ ಮಾಮ್‌ಲು ಗುಹೆಯ ಒಂದು ಕಂಬವನ್ನು ಆಧಾರವಾಗಿಟ್ಟುಕೊಂಡು 2018ರಲ್ಲಿ ಭೂವಿಜ್ಞಾನಿಗಳ ಅಂತರರಾಷ್ಟ್ರೀಯ ಒಕ್ಕೂಟವು ಕಳೆದ 4,200 ವರ್ಷಗಳ ಅವಧಿಗೆ ಮೇಘಾಲಯ ಯುಗವೆಂದು ಹೆಸರಿಟ್ಟಿತು. ಅದೇ ಗುಹೆಯ ಬೇರೆ ಕಂಬಗಳನ್ನು ಪರೀಕ್ಷಿಸಿದವರಿಗೆ ಒಂದೇ ಅಖಂಡ ಬರಕ್ಕೆ ಬದಲಾಗಿ, ಬಿಟ್ಟು ಬಿಟ್ಟು ಬಂದ ಹಲವು ಬರಗಳು ಕಂಡವು. ಒಬ್ಬನೇ ಸಾಕ್ಷಿಯನ್ನು ನಂಬಿ ತೀರ್ಪು ಕೊಡಬಾರದೆಂಬುದು ಸತ್ಯನಿಷ್ಠೆ. ಆದರೆ ಎರಡನೆಯ ಸಾಕ್ಷಿಯನ್ನು ಕರೆಯಬೇಕಾದರೆ ಎರಡನೆಯ ಕಂಬವನ್ನು ಕಡಿಯಬೇಕು. ಸತ್ಯದ ಮೇಲಿನ ನಿಷ್ಠೆಯೇ ಇಲ್ಲಿ ಹೆಚ್ಚು ಮುರಿಯಲು ಹೇಳುತ್ತದೆ!

ಸಿಮೆಂಟಿಗಾಗಿ ಸುಣ್ಣಕಲ್ಲಿನ ಗುಡ್ಡಗಳನ್ನೇ ಸಿಡಿಸುವಾಗ ಒಂದು ಕಂಬದ ಲೆಕ್ಕವೇನು ಎನ್ನುವವರುಂಟು. ಈ ವಾದವನ್ನು ನಾನು ಒಪ್ಪಲಾರೆ. ನೆರೆಯವನ ದೊಡ್ಡ ತಪ್ಪು ನನ್ನ ಚಿಕ್ಕ ತಪ್ಪಿಗೆ ಅಪ್ಪಣೆಯ ಚೀಟಿಯಾಗದು. ಏನನ್ನೂ ಮುಟ್ಟಲೇಬಾರದೆಂಬ ಪಕ್ಷವೂ ನನಗೆ ರುಚಿಸುವುದಿಲ್ಲ. ಮುಂಗಾರನ್ನೇ ನೆಚ್ಚಿದ ಕೋಟ್ಯಂತರ ಜನರಿರುವ ದೇಶದಲ್ಲಿ ಮಳೆ ಹಿಂದೆ ಎಷ್ಟು ಕಾಲ ಕೈಬಿಟ್ಟಿತ್ತೆಂಬ ಅರಿವು ಬರಿಯ ಕುತೂಹಲವಲ್ಲ.

ಕಲ್ಲಿಗೆ ನೋವಿಲ್ಲ, ಹಾಗಾದರೆ ಅನ್ಯಾಯವಾಗುವುದು ಯಾರಿಗೆ? ನನಗೆ ತೋರುವಂತೆ, ನಮ್ಮ ಅನಂತರ ಬರುವ ಜಿಜ್ಞಾಸುವಿಗೆ. ಇದು ಊಹೆಯ ಮಾತಲ್ಲ. 1980ರ ದಶಕದ ಉತ್ತರಾರ್ಧದವರೆಗೆ ಯುರೇನಿಯಂ ಕ್ರಮದಿಂದ ಒಂದು ವಯಸ್ಸನ್ನು ತಿಳಿಯಲು ಹತ್ತಾರು ಗ್ರಾಂ ಕಲ್ಲನ್ನು ಕರಗಿಸಬೇಕಾಗುತ್ತಿತ್ತು. ಈಗ ಚಿಟಿಕೆ ಪುಡಿ ಸಾಕು. ಅಂದು ಕರಗಿಸಿ ಮುಗಿಸಿದ ಕಲ್ಲುಗಳನ್ನು ಇಂದಿನ ಉಪಕರಣದ ಮುಂದೆ ಇಡುವಂತಿಲ್ಲ. ಆದುದರಿಂದ ಮೊದಲು ಹಳೆಯ ಸಂಗ್ರಹಗಳಲ್ಲಿರುವ ತುಂಡುಗಳನ್ನು ನೋಡಲಿ. ಸಾಲದಿದ್ದರೆ ತಾನಾಗಿ ಮುರಿದು ಬಿದ್ದದ್ದನ್ನು ಎತ್ತಿಕೊಳ್ಳಲಿ. ಅದೂ ಸಾಲದಾದಾಗ, ಗುಹೆಯ ಮೇಲಿನ ನೆಲದ ಊರವರನ್ನು ಕೇಳಿ, ಹನಿ ನಿಂತುಹೋದ ಕಂಬವೊಂದನ್ನು ತರಲಿ. ತಂದದ್ದನ್ನು ಉದ್ದಕ್ಕೆ ಸೀಳಿ ಒಂದು ಅರ್ಧವನ್ನು ಮಾತ್ರ ಓದಿ, ಇನ್ನೊಂದು ಅರ್ಧವನ್ನು ಎಲ್ಲಿಂದ, ಯಾವಾಗ ತಂದದ್ದೆಂಬ ಚೀಟಿಯೊಡನೆ ಮುಟ್ಟದೆ ಇಡಲಿ.