ಬೇಹುಗಾರನ ಪ್ರಾಮಾಣಿಕತೆ

ಕಾನಾನ್ ನಾಡನ್ನು ನೋಡಿಬರಲು ಮೋಶೆ ಹನ್ನೆರಡು ಮಂದಿಯನ್ನು ಮುಂದಾಗಿ ಕಳುಹಿಸಿದ ಪ್ರಸಂಗ ಸಂಖ್ಯಾಕಾಂಡದಲ್ಲಿದೆ. ನಲವತ್ತು ದಿನಗಳ ನಂತರ ಹಿಂದಿರುಗಿದವರಲ್ಲಿ ಹತ್ತು ಮಂದಿ ತಾವು ಕಂಡದ್ದಕ್ಕೆ ತಮ್ಮ ಅಂಜಿಕೆಯನ್ನೂ ಬೆರೆಸಿ ವರದಿ ಒಪ್ಪಿಸಿದರು. ಅದನ್ನು ನಂಬಿದ ಜನಾಂಗ ನಲವತ್ತು ವರ್ಷ ಅರಣ್ಯದಲ್ಲಿ ಅಲೆಯಿತು. ಮುಂದೆ ಹೋಗಿ ನೋಡಿ ಬರುವವನ ಮಾತಿನ ಮೇಲೆ ಹಿಂದೆ ಕಾದಿರುವವರ ಬದುಕು ನಿಂತಿರುತ್ತದೆ.

ಇತ್ತೀಚೆಗೆ ಈ ಪ್ರಸಂಗವನ್ನು ನನಗೆ ನೆನಪಿಸಿದವರು ನಾಲ್ವರು ಇಂಜಿನಿಯರಿಂಗ್ ವಿದ್ಯಾರ್ಥಿಗಳು. ಒಳಚರಂಡಿಯ ಮ್ಯಾನ್‌ಹೋಲಿಗೆ ಮನುಷ್ಯನಿಗಿಂತ ಮೊದಲು ಇಳಿದು, ಅಲ್ಲಿನ ಗಾಳಿಯನ್ನು ಅಳೆದು, ಮೇಲಿರುವವರಿಗೆ ತಿಳಿಸುವ ಪುಟ್ಟ ರೋಬೋಟಿಗೆ ತಂತ್ರಾಂಶ ಬರೆಯುವುದು ಅವರ ಪ್ರಾಜೆಕ್ಟ್. ಅದರ ಯೋಜನೆಯ ಕರಡನ್ನು ತೋರಿಸಲು ಬಂದಿದ್ದರು.

ಆ ಗುಂಡಿಯ ಗಾಳಿ ಎಂಥದೆಂಬುದನ್ನು ನಾವು ತಿಳಿದಿರಬೇಕು. ಅಲ್ಲಿ ಉತ್ಪತ್ತಿಯಾಗುವ ಹೈಡ್ರೋಜನ್ ಸಲ್ಫೈಡ್ ಅನಿಲಕ್ಕೆ ಕೊಳೆತ ಮೊಟ್ಟೆಯ ವಾಸನೆ. ಆದರೆ ಅದರ ಪ್ರಮಾಣ ಹೆಚ್ಚಿದಾಗ ಮೂಗಿನ ಶಕ್ತಿಯೇ ಕುಂದಿ, ವಾಸನೆ ತಿಳಿಯದಂತಾಗುತ್ತದೆ. ಅಪಾಯ ಕಳೆಯಿತೆಂದು ಇಳಿದವನು ಭಾವಿಸುವ ಗಳಿಗೆಯೇ ಮಹಾ ಅಪಾಯದ ಗಳಿಗೆ. 2015ರಲ್ಲಿ ಕೇರಳದ ಕೋಝಿಕೋಡಿನಲ್ಲಿ ಮ್ಯಾನ್‌ಹೋಲಿನಲ್ಲಿ ಸಿಲುಕಿದ ಇಬ್ಬರು ಕಾರ್ಮಿಕರನ್ನು ಉಳಿಸಲು ಇಳಿದ ಆಟೋ ಚಾಲಕನೂ ಅವರೊಂದಿಗೆ ಅಸುನೀಗಿದ. ಅದೇ ರಾಜ್ಯದ ಯುವ ಇಂಜಿನಿಯರುಗಳು 2018ರಲ್ಲಿ 'ಬ್ಯಾಂಡಿಕೂಟ್', ಅಂದರೆ ಹೆಗ್ಗಣ, ಎಂಬ ರೋಬೋಟನ್ನು ತಿರುವನಂತಪುರದಲ್ಲಿ ಚರಂಡಿ ಶುದ್ಧಿಗೆ ಇಳಿಸಿದರು. ರಕ್ಷಣಾ ಸಾಧನಗಳಿಲ್ಲದೆ ಮನುಷ್ಯರನ್ನು ಇಳಿಸುವುದನ್ನು 2013ರ ಕಾನೂನು ನಿಷೇಧಿಸಿದ್ದರೂ ಇಂಥ ಸಾವುಗಳು ಇಂದಿಗೂ ನಿಂತಿಲ್ಲ.

ವಿದ್ಯಾರ್ಥಿಗಳ ಕರಡು ಅಚ್ಚುಕಟ್ಟಾಗಿತ್ತು. ಕ್ಯಾಮೆರಾ, ಚಕ್ರ, ನಕ್ಷೆ, ಯಾರು ಯಾವ ವಾರ ಏನು ಬರೆಯಬೇಕು, ಎಲ್ಲವೂ ಇತ್ತು. 'ಅನಿಲದ ಸಂವೇದಕ ಉತ್ತರಿಸದಿದ್ದರೆ' ಎಂಬ ಸಾಲಿನ ಎದುರು ಮಾತ್ರ 'ಸೊನ್ನೆ ಎಂದು ದಾಖಲಿಸುವುದು' ಎಂದಿತ್ತು. ಲೆಕ್ಕಕ್ಕೆ ಅದು ಅನುಕೂಲ. ಆದರೆ ವಿಷಾನಿಲ ಸೊನ್ನೆ ಎಂದರೆ ಗಾಳಿ ಶುದ್ಧವೆಂದೇ ಅರ್ಥ. ತಂತಿ ಕಡಿದರೂ, ಸಂವೇದಕ ಕೆಸರಿನಲ್ಲಿ ಮುಳುಗಿದರೂ ಮೇಲಿನ ಪರದೆಯಲ್ಲಿ ಹಸಿರು ದೀಪ ಬೆಳಗುತ್ತದೆ. ನಿಶ್ಚೇಷ್ಟಿತ ಮೂಗು ಮಾಡುವ ತಪ್ಪನ್ನೇ ಯಂತ್ರಕ್ಕೂ ಕಲಿಸಿದಂತಾಯಿತು.

"ಸುರಕ್ಷಿತ, ಅಪಾಯ ಎಂಬ ಎರಡು ಉತ್ತರಗಳ ಜೊತೆಗೆ 'ತಿಳಿಯದು' ಎಂಬ ಮೂರನೆಯದೂ ಇರಲಿ, ಅದು ಬಂದಾಗ ಯಾರೂ ಇಳಿಯದಿರಲಿ" ಎಂದೆ. ಅವರಲ್ಲೊಬ್ಬಳು ಕೇಳಿದಳು: "ಫಾದರ್, ಸಣ್ಣಪುಟ್ಟ ದೋಷಕ್ಕೆಲ್ಲ ಕೆಲಸ ನಿಂತರೆ ಜನ ಬೇಸತ್ತು ಯಂತ್ರವನ್ನೇ ಪಕ್ಕಕ್ಕಿಟ್ಟು ಆಳನ್ನು ಇಳಿಸುವುದಿಲ್ಲವೇ?"

ಪ್ರಶ್ನೆ ನ್ಯಾಯವಾದದ್ದೇ. ಹಾಗಾಗದಂತೆ ಎರಡನೆಯ ಸಂವೇದಕ ಬೇಕು, ಕೆಡಿಸಿ ನೋಡುವ ಪರೀಕ್ಷೆಗಳು ಬೇಕು, ಅದಕ್ಕೆ ಸಮಯವೂ ಬೇಕು. ಪರೀಕ್ಷೆಯನ್ನು ಕೊನೆಯ ವಾರಕ್ಕೆ ತಳ್ಳುವ ಯೋಜನೆ ಇನ್ನೊಬ್ಬರ ಉಸಿರಿನ ಮೇಲೆ ಸಾಲ ಮಾಡುತ್ತದೆ. ಕೆಲಸ ನಿಂತರೆ ಮೇಲಿರುವ ನಮಗೆ ಒಂದು ಗಂಟೆ ನಷ್ಟ. ನಿಲ್ಲದಿದ್ದರೆ ಕೆಳಗಿಳಿದವನಿಗೆ ಪ್ರಾಣವೇ ನಷ್ಟ. ಸಂದೇಹ ಉಂಟಾದಾಗ ಅದರ ಬೆಲೆಯನ್ನು ಯಾರು ತೆರಬೇಕೆಂಬುದು ತಂತ್ರಾಂಶದ ಪ್ರಶ್ನೆಯಷ್ಟೇ ಅಲ್ಲ, ಧರ್ಮದ ಪ್ರಶ್ನೆಯೂ ಹೌದು.

ಪ್ರಿಯ ಓದುಗರೇ, ತಮ್ಮನೆಲ್ಲಿ ಎಂದು ದೇವರು ಕೇಳಿದಾಗ ಕಾಯಿನನೂ ತನಗೆ ತಿಳಿಯದೆಂದೇ ಉತ್ತರಿಸಿದ. ಅವನ ಅಜ್ಞಾನ ಹೊಣೆಯನ್ನು ಕೊಡವಿಕೊಳ್ಳುವ ಉಪಾಯ. ಪ್ರಾಮಾಣಿಕ ಬೇಹುಗಾರನ 'ತಿಳಿಯದು' ಎಂಬ ಮಾತಾದರೋ ತಮ್ಮನನ್ನು ಗುಂಡಿಯ ಅಂಚಿನಲ್ಲೇ ತಡೆದು ನಿಲ್ಲಿಸುತ್ತದೆ. ನಮ್ಮ ಬಾಯಿಂದ ಬರುವ 'ತಿಳಿಯದು' ಎಂಬ ಮಾತು ಈ ಎರಡರಲ್ಲಿ ಯಾವುದು?

ನಿಮ್ಮ ಬೀದಿಯಲ್ಲಿ ಮ್ಯಾನ್‌ಹೋಲಿನ ಮುಚ್ಚಳ ತೆರೆದು ಒಬ್ಬಾತ ಇಳಿಯಲು ಸಿದ್ಧನಾಗಿ ನಿಂತಿರುವುದನ್ನು ಕಂಡರೆ, ದಯವಿಟ್ಟು ಮುಂದೆ ಸಾಗಿಬಿಡಬೇಡಿ. ಗಾಳಿಯನ್ನು ಅಳೆದಿದ್ದೀರಾ ಎಂದು ಕೇಳಿ. ಉತ್ತರ ಬಾರದಿದ್ದರೆ ಆತನನ್ನು ತಡೆಯಿರಿ. ಆ ವಿದ್ಯಾರ್ಥಿಗಳು ತಮ್ಮ ಕರಡಿನ ಸೊನ್ನೆಯನ್ನು ಅಳಿಸಿದ್ದಾರೆ. ನಮ್ಮ ಲೆಕ್ಕದ ಸೊನ್ನೆಗಳನ್ನೂ ಒಮ್ಮೆ ಪರೀಕ್ಷಿಸಿಕೊಳ್ಳೋಣ.