ಕೇಳುವ ಮಗು

ದಕ್ಷಿಣ ಕನ್ನಡದ ಬೆಳ್ಳಾರೆಯ ಪೇಟೆಯಲ್ಲಾಗಲಿ, ಒಳಗಿನ ಅಡಿಕೆ ತೋಟದ ಮನೆಗಳಲ್ಲಾಗಲಿ, ಮಕ್ಕಳ ಬಗ್ಗೆ ಮಾತು ಬಂದಾಗ ಹಿರಿಯರು ಕೊಡುವ ಅತಿ ದೊಡ್ಡ ಸರ್ಟಿಫಿಕೇಟು ಒಂದೇ: ಹೇಳಿದ ಮಾತು ಕೇಳುವ ಮಗು. ಈ ಹೊಗಳಿಕೆಯಲ್ಲಿರುವ ಕ್ರಿಯಾಪದವನ್ನು ಸ್ವಲ್ಪ ತಡೆದು ನೋಡಬೇಕು. ಕನ್ನಡದ ‘ಕೇಳು’ ಒಂದೇ ಕೆಲಸ ಮಾಡುವ ಪದವಲ್ಲ. ಕಿವಿಗೊಡುವುದೂ ಕೇಳುವುದೇ, ಹೇಳಿದಂತೆ ನಡೆಯುವುದೂ ಕೇಳುವುದೇ, ಯಾಕೆ ಏನು ಎಂದು ಪ್ರಶ್ನಿಸುವುದೂ ಕೇಳುವುದೇ. ತುಳುವಿನ ‘ಕೇಣುನಿ’ಯೂ ಆಲಿಸುವುದು, ಪ್ರಶ್ನಿಸುವುದು ಎರಡನ್ನೂ ಹೊತ್ತಿದೆ. ನಾವು ಮಾತ್ರ ಮಕ್ಕಳ ವಿಷಯಕ್ಕೆ ಬಂದಾಗ ಮೊದಲೆರಡು ಅರ್ಥಗಳನ್ನು ಇಟ್ಟುಕೊಂಡು ಮೂರನೆಯದನ್ನು ಅಂಗಳದಾಚೆ ಎಸೆದಿದ್ದೇವೆ. ಇನ್ನೊಂದು ಪದಕ್ಕೂ ಇದೇ ಗತಿ ಬಂದಿದೆ. ಮಕ್ಕಳಿಗೆ ಜವಾಬ್ದಾರಿ ಬರಬೇಕು ಎಂದು ಎಲ್ಲರೂ ಹೇಳುತ್ತೇವೆ. ಪಾರಸಿಯಿಂದ ಬಂದ ಆ ಪದದ ಒಳಗಿರುವುದು ಜವಾಬು, ಅಂದರೆ ಉತ್ತರ. ಉತ್ತರ ಕೊಡಬಲ್ಲವನು ಜವಾಬ್ದಾರ. ಆದರೆ ಮಗು ಬಾಯಿ ತೆರೆದು ಉತ್ತರ ಕೊಟ್ಟ ಕೂಡಲೇ ನಾವು ಅನ್ನುವುದು: ‘ಎದುರು ಜವಾಬು ಕೊಡ್ಬೇಡ.’ ಜವಾಬು ಬೇಡ, ಜವಾಬ್ದಾರಿ ಬೇಕು. ಕೇಳುವುದನ್ನು ಬಿಡಿಸಿದ ಮೇಲೆ ಕೇಳಿಸಿಕೊಳ್ಳುವ ಗುಣವೂ ನಿಜವಾದ ಅರ್ಥದಲ್ಲಿ ಉಳಿಯುವುದಿಲ್ಲ, ಉಳಿಯುವುದು ಅಂಜಿಕೆ ಮಾತ್ರ ಎಂಬುದು ನನ್ನ ವಾದ.

ಇದು ಮನೆವಾರ್ತೆಯ ಸಣ್ಣ ಸಂಗತಿಯಂತೆ ಕಂಡರೂ ಬುಡದಲ್ಲಿರುವುದು ಹಳೆಯ ಧಾರ್ಮಿಕ ಪ್ರಶ್ನೆ: ಒಳ್ಳೆಯ ನಡತೆ ಭಯದಿಂದ ಹುಟ್ಟುತ್ತದೆಯೇ, ತಿಳಿವಳಿಕೆಯಿಂದಲೇ? ನಮ್ಮ ಸೀಮೆಯಲ್ಲಿ ಭಯದ ಪಕ್ಷಕ್ಕೆ ಬಲ ಹೆಚ್ಚು. ಸುಳ್ಳು ಹೇಳಿದರೆ ದೈವ ಸುಮ್ಮನೆ ಬಿಡುವುದಿಲ್ಲ ಎಂಬ ಮಾತು ಮಗುವಿನ ಕಿವಿಗೆ ಬೇಗನೆ ಬೀಳುತ್ತದೆ. ಅದನ್ನು ಮೂಢನಂಬಿಕೆ ಎಂದು ತಳ್ಳಿಬಿಡುವುದು ಸುಲಭ, ಆದರೆ ಅದರಲ್ಲಿ ಅರ್ಧ ಸತ್ಯವಿದೆ. ಯಾರೂ ನೋಡದಾಗಲೂ ನಡತೆ ನೆಟ್ಟಗಿರಬೇಕು ಎಂಬ ಪಾಠ ಸಣ್ಣದೇನಲ್ಲ. ನಾವು ಮರೆಯುವುದು ಉಳಿದ ಅರ್ಧವನ್ನು. ತುಳುನಾಡಿನಲ್ಲಿ ದೈವಗಳಿಗೆ ‘ಸತ್ಯೊಲು’ ಎಂಬ ಹೆಸರೂ ಇದೆ. ಕೋಲದ ಹೊತ್ತಿನಲ್ಲಿ ಜನ ಕೈಮುಗಿದು ನಿಂತು ಸುಮ್ಮನೆ ಹಿಂತಿರುಗುವುದಿಲ್ಲ. ತಮ್ಮ ದೂರನ್ನು, ಸಂಶಯವನ್ನು ಮುಂದಿಡುತ್ತಾರೆ, ದೈವ ನುಡಿ ಕೊಡುತ್ತದೆ, ಮನೆಯ ಹಿರಿಯನನ್ನು ತಿರುಗಿ ಕೇಳುತ್ತದೆ, ಹಿರಿಯ ಎಲ್ಲರೆದುರು ಉತ್ತರ ಹೇಳಬೇಕಾಗುತ್ತದೆ. ಅಲ್ಲಿ ಭಯವಿದೆ ನಿಜ, ಮಾತುಕತೆಯೂ ಇದೆ. ಮನೆಯ ಯಜಮಾನನೇ ಜವಾಬು ಹೇಳಬೇಕಾದ ಆ ಗಳಿಗೆಯನ್ನು ಮೂಲೆಯಲ್ಲಿ ಕುಳಿತ ಮಗು ಕಣ್ಣು ಬಿಟ್ಟು ನೋಡುತ್ತಿರುತ್ತದೆ. ಆ ಪಾಠವನ್ನು ನಾವು ಲೆಕ್ಕಕ್ಕೇ ಹಿಡಿದಿಲ್ಲ.

ತಾಳಮದ್ದಳೆಯನ್ನು ಗಮನಿಸಿದರೆ ಈ ಮಾತು ಇನ್ನೂ ಸ್ಪಷ್ಟ. ವೇಷವಿಲ್ಲ, ಕುಣಿತವಿಲ್ಲ. ಭಾಗವತರ ಪದ್ಯ, ಅದರ ಮೇಲೆ ಅರ್ಥಧಾರಿಗಳ ವಾದ, ಅಷ್ಟೇ. ವಾಲಿಯ ಪ್ರಸಂಗವನ್ನೇ ತೆಗೆದುಕೊಳ್ಳಿ. ಬಾಣ ತಾಗಿ ನೆಲಕ್ಕೆ ಬಿದ್ದ ಕಪಿಯೊಂದು ಸಾಕ್ಷಾತ್ ರಾಮನನ್ನು ಕೇಳುತ್ತದೆ: ಮರೆಯಲ್ಲಿ ನಿಂತು ಹೊಡೆದದ್ದು ಯಾವ ಧರ್ಮ? ನಿನಗೂ ನನಗೂ ಏನು ಹಗೆ? ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯನ್ನು ಕೇಳಲು ಜನ ನಿದ್ದೆ ಬಿಟ್ಟು ಕೂತಿರುತ್ತಿದ್ದರು. ಹಾಗೆ ಕೂತವರು ನಾಸ್ತಿಕರಲ್ಲ, ಬೆಳಿಗ್ಗೆ ಎದ್ದು ರಾಮನಿಗೆ ದೀಪ ಹಚ್ಚುವವರೇ. ದೇವರನ್ನು ಪ್ರಶ್ನಿಸಿದ್ದರಿಂದ ಅವರ ಭಕ್ತಿ ಒಂದು ಗುಲಗಂಜಿಯಷ್ಟೂ ಇಳಿಯಲಿಲ್ಲ. ಬದಲಿಗೆ, ರಾಮನ ಅರ್ಥಧಾರಿ ಸರಿಯಾದ ಉತ್ತರ ಕೊಡದಿದ್ದರೆ ಸಭೆಗೆ ಸಮಾಧಾನ ಆಗುತ್ತಿರಲಿಲ್ಲ. ರಾಮನೇ ಜವಾಬು ಹೇಳಬೇಕಾದ ನಾಡಿನಲ್ಲಿ ಅಪ್ಪನಿಗೆ ಮಾತ್ರ ವಿನಾಯಿತಿ ಯಾಕೆ ಎಂದು ನಾನು ಕೇಳಿದರೆ ಅದು ಕೊಂಕು ಮಾತಾಗಲಾರದು.

ಶಾಸ್ತ್ರದ ಕಡೆಯಿಂದ ಬರುವ ಆಕ್ಷೇಪ ಗಟ್ಟಿಯಾದದ್ದು. ತಾಯಿತಂದೆಯನ್ನು ದೇವರೆಂದು ತಿಳಿ ಎಂದು ಉಪನಿಷತ್ತೇ ಹೇಳಿದೆಯಲ್ಲ. ಪಿತೃವಾಕ್ಯ ಪರಿಪಾಲನೆಗಾಗಿ ರಾಮ ಕಾಡಿಗೆ ಹೋದನಲ್ಲ? ಎರಡನ್ನೂ ಬಿಡಿಸಿ ನೋಡೋಣ. ತೈತ್ತಿರೀಯ ಉಪನಿಷತ್ತಿನ ಶೀಕ್ಷಾವಲ್ಲಿಯಲ್ಲಿ ಆ ಉಪದೇಶ ಬಂದ ಬೆನ್ನಿಗೇ ಗುರು ಶಿಷ್ಯನಿಗೆ ಇನ್ನೊಂದು ಮಾತು ಹೇಳುತ್ತಾನೆ: ನಮ್ಮಲ್ಲಿ ಯಾವುದು ಒಳ್ಳೆಯ ನಡತೆಯೋ ಅದನ್ನು ಮಾತ್ರ ಅನುಸರಿಸು, ಉಳಿದದ್ದನ್ನು ಬಿಡು. ಯಾವುದು ಒಳ್ಳೆಯದು ಎಂದು ಆರಿಸುವ ಕೆಲಸ ಶಿಷ್ಯನ ತಲೆಯ ಮೇಲೇ ಬಿತ್ತಲ್ಲ! ಹಿರಿಯರ ನಡತೆಯಲ್ಲಿ ಬಿಡಬೇಕಾದದ್ದೂ ಇರುತ್ತದೆ ಎಂದು ಹಿರಿಯನೇ ಒಪ್ಪಿಕೊಂಡ ಹಾಗಾಯಿತು. ಮೊದಲ ಮಾತನ್ನು ಶಾಲೆಯ ಗೋಡೆಗೆ ಬರೆಸಿದ ನಾವು ಎರಡನೆಯದನ್ನು ಬರೆಸಲಿಲ್ಲ. ಇನ್ನು ರಾಮನ ವಿಷಯ. ವಾಲ್ಮೀಕಿ ರಾಮಾಯಣದ ಅಯೋಧ್ಯಾಕಾಂಡದಲ್ಲಿ ದಶರಥ ಮಗನಿಗೆ ಹೇಳುವುದೇನು? ವರ ಕೊಟ್ಟು ನಾನು ಮೋಸಹೋದೆ, ನನ್ನನ್ನು ಸೆರೆಯಲ್ಲಿಟ್ಟು ನೀನೇ ರಾಜನಾಗು ಎಂದು. ರಾಮ ಅದನ್ನು ಕೇಳಲಿಲ್ಲ. ತಂದೆಯ ಆ ಹೊತ್ತಿನ ಆಸೆಯನ್ನು ಮೀರಿ, ತಂದೆ ಕೊಟ್ಟ ಮಾತು ಸುಳ್ಳಾಗಬಾರದು ಎಂಬ ತನ್ನ ತೀರ್ಮಾನದಂತೆ ನಡೆದ. ವಿಧೇಯತೆಯ ಪರಮ ಉದಾಹರಣೆಯ ಒಳಗೆ ಒಂದು ಸ್ವತಂತ್ರ ತೀರ್ಮಾನ ಕೂತಿದೆ. ಬೆಳ್ಳಾರೆಯ ಮಸೀದಿಗೆ ಹೋಗುವ ಮನೆಗಳಲ್ಲಿ ಬಕ್ರೀದ್ ಹೊತ್ತಿಗೆ ನೆನೆಯುವ ಕಥೆಯಲ್ಲೂ ಇಂಥದ್ದೇ ಒಂದು ಜಾಗವಿದೆ. ಕುರ್‌ಆನ್ ಹೇಳುವಂತೆ ಪ್ರವಾದಿ ಇಬ್ರಾಹಿಂ ಮಗನನ್ನು ಬಲಿಕೊಡುವ ಕನಸನ್ನು ಅವನಿಗೇ ತಿಳಿಸಿ, ನಿನ್ನ ಅಭಿಪ್ರಾಯವೇನು ಎಂದು ಕೇಳುತ್ತಾರೆ. ದೇವರ ಆಜ್ಞೆ ಎಂದು ನಂಬಿದ ಮೇಲೂ ಮಗನನ್ನು ಕೇಳಿದರು. ಆಮೇಲೆ ಬಂದ ಒಪ್ಪಿಗೆ ಮಗನದೇ.

ಇಷ್ಟಾದರೂ ಕೇಳುವುದಷ್ಟರಿಂದಲೇ ಎಲ್ಲ ಸರಿಯಾಗುತ್ತದೆ ಎಂದರೆ ಅದು ಅರ್ಧ ಬೆಂದ ಮಾತು. ಬಾಯಿಂದ ಬರುವ ಪ್ರಶ್ನೆಗೆ ತೂಕ ಬರುವುದು ಕೈಯಲ್ಲಿ ಕೆಲಸವಿದ್ದಾಗ. ಛಾಂದೋಗ್ಯದ ಸತ್ಯಕಾಮನ ಕಥೆಯನ್ನು ನಾವು ಸತ್ಯ ಹೇಳಿದ ಹುಡುಗನ ಕಥೆ ಎಂದಷ್ಟೇ ಹೇಳಿ ನಿಲ್ಲಿಸುತ್ತೇವೆ. ಗೋತ್ರ ಯಾವುದೆಂದು ಕೇಳಿದ ಮಗನಿಗೆ ತಾಯಿ ಜಬಾಲೆ ನನಗೆ ಗೊತ್ತಿಲ್ಲ ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು, ಅವನು ಅದನ್ನೇ ಗುರುವಿನ ಮುಂದೆ ಹೇಳಿದ. ಮಗನ ಸತ್ಯಕ್ಕೆ ಮೊದಲು ತಾಯಿಯ ಸತ್ಯವಿತ್ತು ಎಂಬುದನ್ನು ಗಮನಿಸಬೇಕು. ಅದಕ್ಕಿಂತ ಮುಖ್ಯ ಆಮೇಲಿನ ಭಾಗ. ಗುರು ಹಾರಿದ್ರುಮತ ಗೌತಮ ಪಾಠ ಶುರುಮಾಡಲಿಲ್ಲ. ಬಡಕಲಾದ 400 ಹಸುಗಳನ್ನು ಬೇರ್ಪಡಿಸಿ ಇವನ್ನು ನೋಡಿಕೋ ಅಂದ. ಸಾವಿರವಾಗದೆ ಹಿಂತಿರುಗುವುದಿಲ್ಲ ಎಂದದ್ದು ಹುಡುಗ. ಲೆಕ್ಕ ಹಾಕಿಕೊಂಡವನು ಅವನೇ. ಗುರು ಹಿಂದಿನಿಂದ ಹೋಗಿ ದಿನಾ ಎಣಿಸಲಿಲ್ಲ. ಯೋಗ್ಯತೆ ಬಂದ ಮೇಲೆ ಕೆಲಸ ಕೊಡೋಣ ಎಂದು ನಾವು ಕಾಯುತ್ತೇವೆ. ಗೌತಮ ಕೆಲಸ ಕೊಟ್ಟು ಯೋಗ್ಯತೆಗೆ ಕಾದ. ತೆಂಕುತಿಟ್ಟಿನ ಯಕ್ಷಗಾನ ಮೇಳಗಳಲ್ಲಿ ಹುಡುಗರನ್ನು ಮೊದಲು ಕೋಡಂಗಿ, ಬಾಲಗೋಪಾಲರ ವೇಷ ಕಟ್ಟಿಸಿ ರಂಗಕ್ಕೆ ಬಿಡುತ್ತಿದ್ದುದೂ ಇದೇ ಲೆಕ್ಕಾಚಾರದಿಂದ. ಸಣ್ಣ ವೇಷ, ಆದರೆ ನಿಜವಾದ ರಂಗ, ನಿಜವಾದ ಪ್ರೇಕ್ಷಕರು.

ಬೆಳ್ಳಾರೆಯ ಸುತ್ತಿನ ಮನೆಗಳಲ್ಲಿ ಇಂಥ ನಿಜವಾದ ಕೆಲಸಕ್ಕೆ ಬರವಿಲ್ಲ. ಚಾಲಿ ಅಡಿಕೆ ಅಂಗಳದಲ್ಲಿ ಒಣಗಲು 40-45 ದಿನ ಬೇಕು. ಅಷ್ಟು ದಿನ ಮೋಡ ನೋಡುವ, ಅಡಿಕೆ ಕೆದಕುವ, ಮಳೆ ಹನಿದರೆ ಓಡಿ ಮುಚ್ಚುವ ಕೆಲಸದ ಒಂದು ಪಾಲನ್ನು ಹತ್ತು ವರ್ಷದ ಮಗುವಿಗೆ ಪೂರ್ತಿಯಾಗಿ ವಹಿಸಬಹುದು. ಪೂರ್ತಿಯಾಗಿ ಎಂದರೆ ಮಗು ಮರೆತರೆ ಅಡಿಕೆ ಒದ್ದೆಯಾಗಲು ಬಿಡುವಷ್ಟು. ಒಂದು ಗೋಣಿ ಬೂಷ್ಟು ಹಿಡಿದರೆ ಆಗುವ ನಷ್ಟವನ್ನು ಸಂಜೆ ಮಗುವಿನ ಜೊತೆ ಕೂತು ಲೆಕ್ಕ ಹಾಕಿದರೆ, ಹತ್ತು ಬೈಗುಳ ಕಲಿಸದ್ದನ್ನು ಆ ಲೆಕ್ಕ ಕಲಿಸುತ್ತದೆ. ಇಲ್ಲಿ ಬಾಲಕಾರ್ಮಿಕತನದ ಆಕ್ಷೇಪ ಏಳುತ್ತದೆ, ಏಳಲೇಬೇಕು. ಈ ಜಿಲ್ಲೆಯಲ್ಲಿ ಬೀಡಿ ಕಟ್ಟುವುದು ತಲೆಮಾರುಗಳಿಂದ ಮನೆಮನೆಯ ದುಡಿಮೆ. ಬೀಡಿ ತಯಾರಿಕೆಯನ್ನು 1986ರ ಬಾಲಕಾರ್ಮಿಕ ಕಾಯ್ದೆ ಮಕ್ಕಳಿಗೆ ನಿಷಿದ್ಧವಾದ ಕೆಲಸಗಳ ಪಟ್ಟಿಯಲ್ಲಿ ಇಟ್ಟಿತ್ತು. ಶಾಲೆ ಮುಗಿದ ಮೇಲೆ, ರಜೆಯಲ್ಲಿ, ಅಪಾಯವಿಲ್ಲದ ಮನೆಕೆಲಸಕ್ಕೆ ಮಾತ್ರ 2016ರ ತಿದ್ದುಪಡಿಯಲ್ಲಿ ಅವಕಾಶವಿದೆ. ಕಾನೂನಿನ ಗೆರೆ ಅದು. ನನ್ನ ಗೆರೆ ಇನ್ನೂ ಸರಳ: ಮಗುವಿನ ಕೆಲಸದಿಂದ ಮನೆಯ ಒಲೆ ಉರಿಯಬೇಕಾಗಿದ್ದರೆ ಅದು ದುಡಿಮೆ, ಅದನ್ನು ಶಿಕ್ಷಣ ಎಂದು ಕರೆಯಕೂಡದು. ಯಾಕೆ ನಾನೇ ಮಾಡಬೇಕು, ಅಣ್ಣ ಯಾಕೆ ಮಾಡುವುದಿಲ್ಲ ಎಂದು ಹುಡುಗಿ ಕೇಳಲಾಗದ ಕೆಲಸವೂ ಹಾಗೆಯೇ.

ಈ ಊರಿನ ಹೆಮ್ಮೆಯಲ್ಲೇ ಒಂದು ತಮಾಷೆ ಇದೆ. 1837ರಲ್ಲಿ ಕೆದಂಬಾಡಿ ರಾಮಯ್ಯ ಗೌಡ ಮೊದಲಾದವರ ಮುಂದಾಳುತನದಲ್ಲಿ ರೈತರು ಕಂಪೆನಿ ಸರಕಾರದ ವಿರುದ್ಧ ಎದ್ದರು, ಬೆಳ್ಳಾರೆಯ ಖಜಾನೆಯನ್ನು ವಶಪಡಿಸಿಕೊಂಡು ಮಂಗಳೂರಿನವರೆಗೆ ಹೋದರು. ಧಾನ್ಯದ ಬದಲು ನಗದಿನಲ್ಲೇ ಕಂದಾಯ ಕೊಡಬೇಕೆಂಬ ಒತ್ತಾಯ ಅವರ ಸಿಟ್ಟಿನ ಕಾರಣಗಳಲ್ಲಿ ಒಂದು. ಅಮರ ಸುಳ್ಯದ ಈ ಹೋರಾಟದ ಬಗ್ಗೆ ಮಕ್ಕಳಿಂದ ಭಾಷಣ ಮಾಡಿಸಿ ಬಹುಮಾನ ಕೊಡುತ್ತೇವೆ. ಅದೇ ಹುಡುಗ ಮನೆಗೆ ಬಂದು, ಟ್ಯೂಷನ್ನಿಗೆ ಯಾಕೆ ಹೋಗಬೇಕು ಎಂದರೆ ಅಧಿಕಪ್ರಸಂಗಿ. ಹಾಗೆಂದು ಪ್ರಶ್ನೆ ಎಂದೂ ಸುಖವನ್ನೇ ತರುತ್ತದೆ ಎನ್ನಲಾರೆ. ಪಡುಮಲೆಯಲ್ಲಿ ಹುಟ್ಟಿ ಬೆಳ್ಳಾರೆಗೆ ಹತ್ತಿರದ ಎಣ್ಮೂರಿನಲ್ಲಿ ಮಡಿದ ಕೋಟಿ ಚೆನ್ನಯರ ಪಾಡ್ದನವನ್ನು ಕೇಳಿದವರಿಗೆ ಅದು ಗೊತ್ತು. ತಾಯಿಯನ್ನು ಕಳೆದುಕೊಂಡ ಆ ಅವಳಿಗಳು ಊರಿನ ಅರಸು ಬಲ್ಲಾಳನಲ್ಲಿ ನ್ಯಾಯ ಕೇಳಿದರು, ಸಿಗಲಿಲ್ಲ, ಊರು ಬಿಟ್ಟರು. ದಾರಿಯುದ್ದಕ್ಕೂ ನೆತ್ತರು ಹರಿಯಿತು. ಜನ ಅವರನ್ನು ಗರಡಿಗಳಲ್ಲಿ ಇಟ್ಟು ಪೂಜಿಸುತ್ತಾರೆ. ನನಗೆ ಆ ಕಥೆಯಲ್ಲಿ ಕಾಣುವುದು ಹುಡುಗರ ಸೊಕ್ಕಲ್ಲ, ಕೇಳಿದ್ದಕ್ಕೆ ಸರಿಯಾದ ಜವಾಬು ಕೊಡದ ಹಿರಿಯನ ಸೋಲು. ನೆತ್ತರಿನ ಕಥೆ ಹಳೆಯ ಕಾಲಕ್ಕೇ ನಿಲ್ಲಲಿಲ್ಲ. 2022ರ ಜುಲೈಯಲ್ಲಿ ಒಂದು ವಾರದ ಆಸುಪಾಸಿನಲ್ಲಿ ಬೆಳ್ಳಾರೆ ಪರಿಸರದಲ್ಲಿ ಇಬ್ಬರು ಯುವಕರ ಹತ್ಯೆ ನಡೆದು ಊರಿನ ಹೆಸರು ದೇಶಕ್ಕೆಲ್ಲ ಕೇಳಿಸಿತು. ಆ ಪ್ರಕರಣಗಳ ತೀರ್ಮಾನ ನ್ಯಾಯಾಲಯದ್ದು, ಅವುಗಳಲ್ಲಿ ಇದ್ದವರ ಬಾಲ್ಯದ ಬಗ್ಗೆ ಊಹಿಸುವ ಹಕ್ಕು ನನಗಿಲ್ಲ. ಆದರೆ ಒಂದು ಮಾತನ್ನು ಹೇಳದೆ ದಾಟಲಾರೆ. ಹೇಳಿದ್ದನ್ನು ಕೇಳುವುದನ್ನಷ್ಟೇ ಕಲಿತ ಹುಡುಗನಿಗೆ, ಹೇಳುವವನು ಬದಲಾದಾಗ ತಡೆದು ನಿಲ್ಲಲು ಏನು ಆಧಾರ? ಮನೆಯಲ್ಲಿ ಅಪ್ಪನಿಗೆ ‘ಯಾಕೆ’ ಅನ್ನಲು ಬಾರದವನು ಬೀದಿಯಲ್ಲಿ ಹೆಗಲಿಗೆ ಕೈಹಾಕಿದವನಿಗೆ ಅದನ್ನು ಹೇಗೆ ಅನ್ನುತ್ತಾನೆ?

ಮಕ್ಕಳ ಮಾತು ಬಂದಾಗ ತಪ್ಪದೆ ಏಳುವ ಪರೀಕ್ಷೆಯ ವಿಷಯವನ್ನು ಬೇಗ ಮುಗಿಸುತ್ತೇನೆ. 2025ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ರಾಜ್ಯಕ್ಕೆ ದಕ್ಷಿಣ ಕನ್ನಡ ಮೊದಲು, ಉಡುಪಿ ಎರಡನೆಯದು. ಸಂತೋಷವೇ. ಉತ್ತರ ಬರೆಯುವುದರಲ್ಲಿ ನಮ್ಮ ಮಕ್ಕಳು ಮುಂದಿದ್ದಾರೆ. ಆದರೆ ಆ ಪ್ರಶ್ನೆಗಳೆಲ್ಲ ಬೇರೆ ಯಾರೋ ಕೇಳಿದವು. ಅಂಕಪಟ್ಟಿಯನ್ನು ಆತ್ಮವಿಶ್ವಾಸ ಎಂದು ತಿಳಿದ ಮಗು ಒಂದು ವಿಷಯದಲ್ಲಿ ಬಿದ್ದ ದಿನ ಪೂರ್ತಿ ಬೀಳುತ್ತದೆ.

ಉಳಿದದ್ದು ಪ್ರತಿದಿನದ ಆಕ್ಷೇಪ: ಎಲ್ಲದಕ್ಕೂ ಯಾಕೆ ಎನ್ನುತ್ತಿದ್ದರೆ ಮನೆ ನಡೆಯುವುದು ಹೇಗೆ? ಆಟಿ ತಿಂಗಳ ಮಳೆಯಲ್ಲಿ ತುಂಬಿ ಹರಿಯುವ ತೋಡಿನ ಸಂಕದ ಮೇಲೆ ‘ನಿಲ್ಲು’ ಅಂದರೆ ನಿಲ್ಲಬೇಕು, ಅಲ್ಲಿ ಚರ್ಚೆಗೆ ಎಡೆಯಿಲ್ಲ. ಒಪ್ಪಿದೆ. ಅಂಥ ಆಜ್ಞೆಗಳು ಕಡಿಮೆ ಇದ್ದಷ್ಟೂ ಅವುಗಳಿಗೆ ಬೆಲೆ ಹೆಚ್ಚು. ದಿನಕ್ಕೆ ನೂರು ಸಲ ‘ಬೇಡ’ ಕೇಳಿದ ಕಿವಿಗೆ ನೂರೊಂದನೆಯದು ಹೊಳೆಯ ‘ಬೇಡ’ ಎಂದು ತಿಳಿಯುವುದಿಲ್ಲ. ಮನೆ ಸೇರಿದ ಮೇಲೆ ಕಾರಣ ಹೇಳಿದರಾಯಿತು. ಅಮೆರಿಕದ ಮನಶ್ಶಾಸ್ತ್ರಜ್ಞೆ ಡಯಾನಾ ಬಾಮ್‌ರಿಂಡ್ 1960ರ ದಶಕದಲ್ಲಿ ಪುಟ್ಟ ಮಕ್ಕಳ ಮನೆಗಳನ್ನು ಅಭ್ಯಾಸ ಮಾಡಿ ಕಂಡದ್ದೂ ಇದೇ ಬಗೆಯದು. ಬರೀ ಅಪ್ಪಣೆಯ ಮನೆಗಿಂತ, ಏನು ಮಾಡಿದರೂ ನಡೆಯುತ್ತದೆ ಎಂಬ ಮನೆಗಿಂತ, ಗೆರೆಯನ್ನು ಗಟ್ಟಿಯಾಗಿ ಎಳೆದು ಕಾರಣವನ್ನೂ ಹೇಳುವ ಮನೆಯ ಮಕ್ಕಳು ಹೆಚ್ಚು ಸ್ವಾವಲಂಬಿಗಳಾಗಿದ್ದರು. ಅಲ್ಲಿಯ ಮನೆ ಬೇರೆ, ಇಲ್ಲಿಯದು ಬೇರೆ ಎಂದರೆ ಸರಿಯೇ, ಅದಕ್ಕೇ ನಾನು ಮೊದಲು ದೈವದ, ವಾಲಿಯ ಮಾತೆತ್ತಿದೆ. ಹೊತ್ತಿಲ್ಲ ಎಂಬ ಕಷ್ಟ ಮಾತ್ರ ನಿಜವಾದದ್ದು. ರಬ್ಬರ್ ಟ್ಯಾಪಿಂಗ್‌ಗೆ ನಸುಕಿನಲ್ಲಿ ಎದ್ದು ಹೋಗುವ ತಂದೆಗೆ, ಸಂಜೆವರೆಗೆ ಬೀಡಿಯ ಮೊರದ ಮುಂದೆ ಕೂರುವ ತಾಯಿಗೆ ಎಲ್ಲಕ್ಕೂ ವಿವರಣೆ ಕೊಡಲು ತ್ರಾಣ ಎಲ್ಲಿಂದ? ಅವರಿಂದ ಉಪನ್ಯಾಸವನ್ನು ಯಾರೂ ಬಯಸಿಲ್ಲ. ‘ಈಗ ಸಾಕಾಗಿದೆ ಮಗಾ, ನಾಳೆ ಹೇಳ್ತೇನೆ’ ಎಂಬುದೂ ಜವಾಬೇ, ನಾಳೆ ಹೇಳಿದರೆ.

ಕೊನೆಯ ಭಯವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ: ಕೇಳುತ್ತಾ ಬೆಳೆದ ಮಗು ನಮ್ಮನ್ನೂ ತೂಗಿ ನೋಡೀತು, ಬೆಂಗಳೂರಿಗೋ ಗಲ್ಫಿಗೋ ಹೋಗಿ ತಿರುಗಿ ನೋಡದೆ ಇದ್ದೀತು. ಕಠೋಪನಿಷತ್ತು ಶುರುವಾಗುವುದೇ ಇಂಥ ತೂಗುವಿಕೆಯಿಂದ. ಹುಲ್ಲು ತಿನ್ನಲಾರದ, ಹಾಲು ಬತ್ತಿದ ಮುದಿ ಹಸುಗಳನ್ನು ತಂದೆ ದಾನ ಕೊಡುವುದನ್ನು ನಚಿಕೇತ ನೋಡಿದ. ನನ್ನನ್ನು ಯಾರಿಗೆ ಕೊಡುತ್ತೀ ಎಂದು ಮೂರು ಸಲ ಕೇಳಿದ. ಸಿಟ್ಟುಗೊಂಡ ತಂದೆ ‘ಮೃತ್ಯುವಿಗೆ’ ಎಂದುಬಿಟ್ಟ. ನಮ್ಮಲ್ಲೂ ಸಿಟ್ಟಿನ ಭರದಲ್ಲಿ ‘ಸಾಯಿ ಅತ್ಲಾಗಿ’ ಎಂದು ಬಾಯಿಗೆ ಬರುತ್ತದಲ್ಲ, ಹೆಚ್ಚುಕಡಿಮೆ ಹಾಗೆಯೇ. ಹುಡುಗ ಆ ಮಾತನ್ನೂ ಕೇಳಿ, ಹೋದ. ಯಮನ ಮನೆಬಾಗಿಲಲ್ಲಿ ಮೂರು ರಾತ್ರಿ ಉಪವಾಸ ಕಾದ. ಬಂದ ಯಮ ಅತಿಥಿಯನ್ನು ಕಾಯಿಸಿದ ತಪ್ಪಿಗೆ ಮೂರು ವರ ಕೊಟ್ಟ. ಎಳೆಯನ ಮುಂದೆ ತಪ್ಪು ಒಪ್ಪಿಕೊಂಡು ಮೃತ್ಯುದೇವತೆಯೇನೂ ಸಣ್ಣವನಾಗಲಿಲ್ಲ. ಸಾವಿನಾಚೆಗೆ ಏನಿದೆ ಎಂಬ ದೊಡ್ಡ ಪ್ರಶ್ನೆಯನ್ನು ನಚಿಕೇತ ಮೂರನೆಯ ವರಕ್ಕೆ ಇಟ್ಟುಕೊಂಡ. ಮೊದಲನೆಯದರಲ್ಲಿ ಅವನು ಕೇಳಿದ್ದು, ಅಪ್ಪನ ಸಿಟ್ಟು ಇಳಿದು ಮನಸ್ಸು ತಣ್ಣಗಾಗಿರಲಿ, ತಾನು ಮನೆಗೆ ಹಿಂತಿರುಗಿದಾಗ ಗುರುತು ಹಿಡಿದು ಮಾತಾಡಿಸಲಿ ಎಂದು.