ನಾವು ತೆಗೆದ ಚಿನ್ನ ಈಗ ಎಲ್ಲಿದೆ?

ಕಳೆದ ತಪಸ್ಸುಕಾಲದಲ್ಲಿ ಧ್ಯಾನಕೂಟವನ್ನು ನಡೆಸಿಕೊಡಲು ಕೋಲಾರ ಚಿನ್ನದ ಗಣಿ ಪ್ರದೇಶಕ್ಕೆ ಹೋಗಿದ್ದೆ. ಸಂಜೆಯ ಪೂಜೆ ಮುಗಿದು ಜನರೆಲ್ಲ ಚದುರಿದ ಮೇಲೂ ವೃದ್ಧರೊಬ್ಬರು ದೇವಾಲಯದ ಮೆಟ್ಟಿಲ ಮೇಲೆ ಕುಳಿತಿದ್ದರು. ಗಣಿಯ ಧೂಳು ಹೊಕ್ಕ ಎದೆ. ಎರಡು ಮಾತಿಗೊಮ್ಮೆ ಕೆಮ್ಮು. ಯೌವನವನ್ನೆಲ್ಲ ನೆಲದಡಿಯಲ್ಲಿ ಕಳೆದವರು. “ಸ್ವಾಮಿ, ನೀವು ಓದಿದವರು. ನಾವು ತೆಗೆದ ಚಿನ್ನ ಈಗ ಎಲ್ಲಿದೆ?” ಎಂದು ಕೇಳಿದರು. ಸೆಮಿನರಿಯಲ್ಲಿ ತತ್ವಶಾಸ್ತ್ರವನ್ನೂ ದೈವಶಾಸ್ತ್ರವನ್ನೂ ಕಲಿತ ನನ್ನಲ್ಲಿ ಆ ಪ್ರಶ್ನೆಗೆ ಉತ್ತರವಿರಲಿಲ್ಲ. “ವಿಚಾರಿಸಿ ಹೇಳುತ್ತೇನೆ, ಅಯ್ಯಾ” ಎಂದೆ. ವಿಚಾರಿಸುತ್ತ ಹೋದಂತೆ ಪ್ರಶ್ನೆಯು ಚಿನ್ನದಿಂದ ಹಣಕ್ಕೆ, ಹಣದಿಂದ ನ್ಯಾಯಕ್ಕೆ ಹೊರಳಿತು.

1880ರಲ್ಲಿ ಜಾನ್ ಟೇಲರ್ ಕಂಪನಿ ಇಲ್ಲಿ ಕೆಲಸ ಆರಂಭಿಸಿದಂದಿನಿಂದ 2001ರ ಫೆಬ್ರವರಿ 28ರಂದು ಗಣಿ ಮುಚ್ಚುವವರೆಗೆ ಈ ನೆಲ ಕೊಟ್ಟ ಚಿನ್ನ ಸುಮಾರು 800 ಟನ್. ಅದಕ್ಕಾಗಿ ಚಾಂಪಿಯನ್ ರೀಫ್‌ನಲ್ಲಿ ಮನುಷ್ಯರು ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದರು. 1956ರಲ್ಲಿ ಮೈಸೂರು ಸರ್ಕಾರ ಗಣಿಗಳನ್ನು ವಹಿಸಿಕೊಂಡಿತು. 1962ರಲ್ಲಿ ಅವು ಕೇಂದ್ರ ಸರ್ಕಾರದ ಕೈ ಸೇರಿದವು. ಗಣಿ ಇಲಾಖೆಗಲ್ಲ, ಹಣಕಾಸು ಸಚಿವಾಲಯಕ್ಕೆ ಎಂಬುದನ್ನು ಗಮನಿಸಬೇಕು. ಆಗ ದೇಶಕ್ಕೆ ವಿದೇಶಿ ವಿನಿಮಯದ ತೀವ್ರ ಕೊರತೆಯಿತ್ತು. ಚಿನ್ನ ಆಭರಣವಾಗಿರಲಿಲ್ಲ, ಆಪತ್ಕಾಲದ ಗಂಟಾಗಿತ್ತು.

ಆ ಗಂಟಿಗೆ ಚಿನ್ನ ಯಾವ ಬೆಲೆಯಲ್ಲಿ ಸೇರಿತು? ಅಂತಾರಾಷ್ಟ್ರೀಯ ಅಧಿಕೃತ ದರ ಔನ್ಸಿಗೆ 35 ಡಾಲರ್; ಅಂದಿನ ನಮ್ಮ ಲೆಕ್ಕದಲ್ಲಿ 10 ಗ್ರಾಂಗೆ ಸುಮಾರು 53 ರೂಪಾಯಿ 58 ಪೈಸೆ. ಕೇಂದ್ರದ ಕೈಗೆ ಬಂದ ನಂತರದ ವರ್ಷಗಳಲ್ಲಿ ಕೆ.ಜಿ.ಎಫ್. ಚಿನ್ನವನ್ನು ಸರ್ಕಾರ ಈ ಅಧಿಕೃತ ದರದಲ್ಲಿ ಪಡೆದುಕೊಳ್ಳುತ್ತಿತ್ತು. ಪೇಟೆಯಲ್ಲಿ ಚಿನ್ನದ ಬೆಲೆ ಅದರ ಎರಡರಷ್ಟಕ್ಕೂ ಮಿಗಿಲಾಗಿತ್ತು. 1966ರಲ್ಲಿ ರೂಪಾಯಿ ಅಪಮೌಲ್ಯಗೊಂಡ ಮೇಲೆ ಅಧಿಕೃತ ದರ 84 ರೂಪಾಯಿ 39 ಪೈಸೆಯಾಯಿತು. ಆಶ್ಚರ್ಯವೆಂದರೆ, ರಿಸರ್ವ್ ಬ್ಯಾಂಕು ತನ್ನ ಬಳಿಯ ಚಿನ್ನವನ್ನು 1990ರ ಅಕ್ಟೋಬರ್‌ವರೆಗೂ ಇದೇ 84 ರೂಪಾಯಿಯ ಲೆಕ್ಕದಲ್ಲಿ ಬರೆದಿಟ್ಟಿತ್ತು; ಆ ಹೊತ್ತಿಗೆ ಅಂಗಡಿಯಲ್ಲಿ 10 ಗ್ರಾಂಗೆ ಮೂರು ಸಾವಿರ ರೂಪಾಯಿ ದಾಟಿತ್ತು.

ಗಣಿ ನಷ್ಟದಲ್ಲಿತ್ತು ಎಂದು ಎಲ್ಲರೂ ಹೇಳುತ್ತಾರೆ. ಅದು ಸುಳ್ಳಲ್ಲ. ಆಳ ಹೆಚ್ಚಿದಂತೆ ಖರ್ಚು ಬೆಳೆಯಿತು. ಒಂದು ಟನ್ ಅದಿರಿನಲ್ಲಿ ಸಿಗುವ ಚಿನ್ನ ಕೆಲವೇ ಗ್ರಾಂಗೆ ಇಳಿಯಿತು. ಆದರೂ ನಷ್ಟವೆಂಬುದು ಎರಡು ಸಂಖ್ಯೆಗಳ ವ್ಯತ್ಯಾಸ. ಆ ಎರಡರಲ್ಲಿ ಒಂದನ್ನು ದೂರದ ಕಚೇರಿಯೊಂದು ದೇಶದ ಹಿತಕ್ಕಾಗಿ ಮೊದಲೇ ಗೊತ್ತುಮಾಡಿತ್ತು. ರೈತನ ರಾಗಿಯನ್ನು ಅರ್ಧ ಬೆಲೆಗೆ ಕೊಂಡು, ನಿನ್ನ ಬೇಸಾಯ ದಂಡ ಎಂದರೆ ಹೇಗೆ? ದೇಶಕ್ಕೆ ಚಿನ್ನ ಬೇಕಿತ್ತು, ನಿಜ. ಆದರೆ ದೇಶದ ಆ ಅಗತ್ಯದ ಖರ್ಚು ಒಂದು ಊರಿನ ಲೆಕ್ಕದ ಪುಸ್ತಕದಲ್ಲಿ ‘ನಷ್ಟ’ ಎಂದು ದಾಖಲಾಯಿತು. ಪ್ರವಾದಿ ಆಮೋಸರು ಕಳ್ಳತಕ್ಕಡಿಯನ್ನು ಖಂಡಿಸಿದಾಗ ಅವರ ಕಣ್ಣ ಮುಂದಿದ್ದವರು ದವಸದ ವ್ಯಾಪಾರಿಗಳು. ಕಾನೂನುಬದ್ಧವಾದ, ಸದುದ್ದೇಶದ ತಕ್ಕಡಿಯೂ ಒಂದು ಕಡೆಗೆ ವಾಲಬಲ್ಲದು ಎಂಬುದು ನಮ್ಮ ಕಾಲದ ತೊಡಕು.

ಈ ವಿಷಯವನ್ನು ಧರ್ಮಸಭೆಯಲ್ಲಿ ಹಿಂದೆಯೇ ಆಲೋಚಿಸಿದವರಿದ್ದಾರೆ. ಹದಿನಾಲ್ಕನೆಯ ಶತಮಾನದ ನಿಕೋಲ್ ಒರೆಮ್ ಎಂಬ ಗುರು, 1377ರಲ್ಲಿ ಫ್ರಾನ್ಸಿನ ಲಿಸ್ಯೂ ನಗರದ ಧರ್ಮಾಧ್ಯಕ್ಷರಾದವರು (ನಮ್ಮ ಪುಟ್ಟ ತೆರೇಸಮ್ಮನವರ ಲಿಸ್ಯೂ ಅದೇ), ನಾಣ್ಯದ ಕುರಿತು ಒಂದು ಗ್ರಂಥವನ್ನೇ ಬರೆದರು. ನಾಣ್ಯದ ಮೇಲೆ ಅರಸನ ಮುದ್ರೆಯಿದ್ದರೂ ನಾಣ್ಯ ಅರಸನ ಸ್ವತ್ತಲ್ಲ, ಅದು ಜನಸಮುದಾಯದ ಸ್ವತ್ತು. ಆದ್ದರಿಂದ ಅದರ ಬೆಲೆಯನ್ನು ಗುಟ್ಟಾಗಿ ಕುಗ್ಗಿಸಿ ಲಾಭ ಪಡೆಯುವುದು ಅನ್ಯಾಯ ಎಂಬುದು ಅವರ ವಾದ.

ಇಂದು ನಮ್ಮ ನೋಟಿನ ಹಿಂದೆ ಚಿನ್ನದ ಆಧಾರ ಬಹಳ ಕಡಿಮೆ. 1956ರವರೆಗೆ ನೋಟುಗಳ ಮೌಲ್ಯದ ಶೇ. 40ರಷ್ಟು ಚಿನ್ನ ಹಾಗೂ ವಿದೇಶಿ ಸಾಲಪತ್ರಗಳು ಇರಬೇಕಾಗಿತ್ತು. 1957ರ ತಿದ್ದುಪಡಿಯಿಂದ, ಎಷ್ಟೇ ನೋಟು ಮುದ್ರಿಸಿದರೂ ಒಟ್ಟು 200 ಕೋಟಿ ರೂಪಾಯಿಯ ಮೀಸಲು ಸಾಕು. ಅದರಲ್ಲಿ 115 ಕೋಟಿಯದು ಚಿನ್ನ. ಉಳಿದುದೆಲ್ಲ ನಂಬಿಕೆ. ಆ ನಂಬಿಕೆಯನ್ನು ಕಾಯುವ ಕೆಲಸವನ್ನು 2016ರಲ್ಲಿ ಆರು ಮಂದಿಯ ಹಣಕಾಸು ನೀತಿ ಸಮಿತಿಗೆ ಒಪ್ಪಿಸಲಾಯಿತು. ಹಣದುಬ್ಬರವನ್ನು ಶೇ. 4ರ ಸುತ್ತ ಇರಿಸುವುದು ಅವರ ಹೊಣೆ. ಬ್ಯಾಂಕುಗಳಿಗೆ ತಾನು ಕೊಡುವ ಅಲ್ಪಾವಧಿ ಸಾಲದ ಬಡ್ಡಿಯನ್ನು, ಅಂದರೆ ರೆಪೊ ದರವನ್ನು, ಏರಿಸುವುದು ಅಥವಾ ಇಳಿಸುವುದು ರಿಸರ್ವ್ ಬ್ಯಾಂಕಿನ ಮುಖ್ಯ ಉಪಕರಣ.

ಒಣ ವಿಷಯವೆನಿಸಬಹುದು. ಆದರೆ ಆ ವೃದ್ಧರ ಮನೆಯನ್ನು ನೋಡಿ. ಗಣಿ ಮುಚ್ಚಿದಾಗ ಬಂದ ಹಣವನ್ನು ಬ್ಯಾಂಕಿನಲ್ಲಿಟ್ಟು ಬಡ್ಡಿಯಲ್ಲಿ ಅವರು ಬದುಕುತ್ತಾರೆ. ಮಗ ನಸುಕಿನಲ್ಲೇ ಮಾರಿಕುಪ್ಪಂ ರೈಲು ಹಿಡಿದು ಬಂಗಾರಪೇಟೆಯ ಮೂಲಕ ಬೆಂಗಳೂರಿನ ಕಾರ್ಖಾನೆಗೆ ಹೋಗಿ ರಾತ್ರಿ ಮರಳುತ್ತಾನೆ. 2020ರ ಮೇ ತಿಂಗಳಲ್ಲಿ, ಕೊರೋನಾ ಸಂಕಷ್ಟದ ನಡುವೆ, ರೆಪೊ ದರ ಶೇ. 4ಕ್ಕೆ ಇಳಿಯಿತು. ಕಾರ್ಖಾನೆಗಳು ಉಸಿರಾಡಲೆಂದು ಮಾಡಿದ ಕೆಲಸವದು; ಮಗನ ಕೆಲಸ ಉಳಿಯಲು ಅದೂ ಒಂದು ಕಾರಣವಾಗಿರಬಹುದು. ತಂದೆಯ ಬಡ್ಡಿ ಮಾತ್ರ ಇಳಿಯಿತು. ಆ ಹಣಕಾಸು ವರ್ಷದಲ್ಲಿ ಬೆಲೆಗಳು ಸರಾಸರಿ ಶೇ. 6ಕ್ಕಿಂತ ಹೆಚ್ಚು ಏರಿದವು. ಒಂದೇ ಒಲೆಯ ಮುಂದೆ ಕುಳಿತ ಇಬ್ಬರಲ್ಲಿ ಒಬ್ಬನಿಗೆ ನೆರವಾದುದು ಇನ್ನೊಬ್ಬನ ತಟ್ಟೆಯಿಂದ ಬಂತು. ಆ ನಿರ್ಧಾರ ತಪ್ಪೆಂದು ನಾನು ಹೇಳಲಾರೆ. ಆ ಕುರ್ಚಿಯಲ್ಲಿದ್ದರೆ ನಾನೂ ಅದನ್ನೇ ಮಾಡುತ್ತಿದ್ದೆನೇನೋ. ಆದರೆ ಸರಿಯಾದ ನಿರ್ಧಾರಕ್ಕೂ ಬಲಿಯಾದವರಿರುತ್ತಾರೆ. ಅವರ ಋಣ ನಿರ್ಧಾರ ಸರಿಯಾಗಿದ್ದ ಮಾತ್ರಕ್ಕೆ ತೀರುವುದಿಲ್ಲ.

2023ರ ಜುಲೈ ನೆನಪಿರಬಹುದು. ಕೋಲಾರದ ಮಾರುಕಟ್ಟೆಯಲ್ಲಿ 15 ಕಿಲೋ ಟೊಮ್ಯಾಟೊ ಬಾಕ್ಸ್ ಎರಡು ಸಾವಿರ ರೂಪಾಯಿ ದಾಟಿತು. ಆ ತಿಂಗಳು ದೇಶದ ಹಣದುಬ್ಬರ ಶೇ. 7.44. ಆಗಸ್ಟಿನಲ್ಲಿ ಸಭೆ ಸೇರಿದ ಸಮಿತಿ ದರವನ್ನು ಬದಲಿಸಲಿಲ್ಲ. ತರಕಾರಿಯ ಏರಿಕೆ ತಾತ್ಕಾಲಿಕ, ಬಡ್ಡಿ ಏರಿಸಿದರೆ ಟೊಮ್ಯಾಟೊ ಬೆಳೆಯುವುದಿಲ್ಲ ಎಂಬ ವಿವೇಕ ಅದರಲ್ಲಿತ್ತು. ಹಾಗೆಯೇ ಆಯಿತು, ಬೆಲೆ ಬೇಗನೆ ಇಳಿಯಿತು. ಸಮಿತಿ ಎರಡು ತಿಂಗಳನ್ನು ದಾಟಿ ನೋಡಬಲ್ಲದು. ದಿನಗೂಲಿಯವಳಿಗೆ ಸಂಜೆಯ ಸಾರನ್ನು ದಾಟಿ ನೋಡುವ ಸೌಕರ್ಯವಿಲ್ಲ.

ಆದ್ದರಿಂದಲೇ ಅಂಕಿ ಅಂಶ ಕಲೆಹಾಕುವವರ ಕೆಲಸ ನನಗೆ ಈಗ ಒಂದು ನೈತಿಕ ಕಾರ್ಯವೆನಿಸುತ್ತದೆ. 1960ನ್ನು ಆಧಾರ ವರ್ಷವಾಗಿಟ್ಟ ಕೈಗಾರಿಕಾ ಕಾರ್ಮಿಕರ ಬೆಲೆ ಸೂಚ್ಯಂಕಕ್ಕೆ ದೇಶದ 50 ಕೇಂದ್ರಗಳನ್ನು ಆರಿಸಲಾಗಿತ್ತು, ಕೆ.ಜಿ.ಎಫ್. ಅವುಗಳಲ್ಲಿ ಒಂದು. ನಮ್ಮ ಬಜಾರಿನ ಅಕ್ಕಿ, ಬೇಳೆ, ಸೀಮೆಎಣ್ಣೆಯ ಬೆಲೆಯನ್ನು ಯಾರೋ ಬರೆದುಕೊಂಡು ಹೋಗುತ್ತಿದ್ದರು. 2001ರ ಸರಣಿಯಲ್ಲಿ ಈ ಊರಿನ ಹೆಸರಿಲ್ಲ. ಬೆಲೆಗಳು ಎಷ್ಟು ಏರಬಹುದೆಂದು ಮನೆಮಂದಿಯನ್ನೇ ಕೇಳುವ ಸಮೀಕ್ಷೆಯನ್ನು ರಿಸರ್ವ್ ಬ್ಯಾಂಕು 2005ರಿಂದ ನಗರಗಳಲ್ಲಿ ನಡೆಸುತ್ತ ಬಂದಿದೆ. ಒಳ್ಳೆಯ ಕೆಲಸ. ಅದರಲ್ಲಿ ಬೆಂಗಳೂರಿದೆ, ರಾಬರ್ಟ್‌ಸನ್‌ಪೇಟೆ ಇಲ್ಲ. ಎಲ್ಲ ಊರುಗಳನ್ನೂ ಎಣಿಸಲಾಗದು, ಒಪ್ಪುತ್ತೇನೆ. ಆದರೆ ಎಣಿಕೆಯಿಂದ ಬಿಟ್ಟುಹೋದವರನ್ನು ಮನಸ್ಸಿನಿಂದಲೂ ಬಿಟ್ಟುಬಿಡುವುದು ಬಹಳ ಸುಲಭ.

ಕೆಲವು ತಿಂಗಳ ನಂತರ ಮತ್ತೆ ಹೋದಾಗ ಆ ವೃದ್ಧರ ಮನೆಗೆ ಹೋದೆ. ತಿಳಿದುದನ್ನು ಹೇಳಿದೆ. ಕರಗಿಸಿದ ಚಿನ್ನಕ್ಕೆ ಊರಿಲ್ಲ, ಯಾವ ಗಟ್ಟಿ ನಿಮ್ಮದೆಂದು ಯಾರೂ ಹೇಳಲಾರರು. 2025ರ ಮಾರ್ಚ್ ಅಂತ್ಯಕ್ಕೆ ರಿಸರ್ವ್ ಬ್ಯಾಂಕಿನ ಬಳಿ ಸುಮಾರು 880 ಟನ್ ಚಿನ್ನವಿತ್ತು, ಬಹುಪಾಲು ನಮ್ಮ ದೇಶದಲ್ಲೇ ಇದೆ. 1991ರ ಜುಲೈಯಲ್ಲಿ ದೇಶ ದಿವಾಳಿಯ ಅಂಚಿಗೆ ಬಂದಾಗ ಸುಮಾರು 47 ಟನ್ ಚಿನ್ನವನ್ನು ಹೊರದೇಶಕ್ಕೆ ಕಳಿಸಿ ಅಡವಿಟ್ಟು 40 ಕೋಟಿ ಡಾಲರ್ ಸಾಲ ತಂದರು. ಅದರಲ್ಲಿ ನೀವು ತೆಗೆದುದೂ ಇದ್ದೀತು ಎಂದೆ.

ಅವರು ಬಹಳ ಹೊತ್ತು ಸುಮ್ಮನಿದ್ದರು. “ಬಿಡಿಸಿಕೊಂಡರೇ, ಸ್ವಾಮಿ?”

“ಹೌದು. ಆ ವರ್ಷ ಮುಗಿಯುವಷ್ಟರಲ್ಲಿ ಸಾಲ ತೀರಿತು.”

“ಒಳ್ಳೆಯದಾಯಿತು” ಎಂದರು. ಆಮೇಲೆ ಒಳಗೆ ಕಾಫಿ ಬಸಿಯುತ್ತಿದ್ದ ಹೆಂಡತಿಯ ಕಡೆ ನೋಡಿ, ದನಿ ತಗ್ಗಿಸಿ ಹೇಳಿದರು: “ಇವಳ ಸರ ಗಿರವಿ ಅಂಗಡಿಯಲ್ಲಿ ನಾಲ್ಕು ವರ್ಷದಿಂದ ಕೂತಿದೆ.”